ಶುಗರ್ ಬಂದವರ ಬದುಕಿನಲ್ಲಿ ಕಾಣುವ ಆರೋಗ್ಯದ ಎಂಟು ಮುಖಗಳು

ಶುಗರ್ ಇದೆ ಅಂತ ಗೊತ್ತಾದ ದಿನ ಹೆಚ್ಚಿನವರ ಕೈಗೆ ಸಿಗುವುದು ಒಂದು ಮಾತ್ರೆ ಚೀಟಿ, ಜೊತೆಗೆ ನಾಲ್ಕು ಮಾತು. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ದಿನಾ ವಾಕಿಂಗ್ ಮಾಡಿ, ಟೆನ್ಷನ್ ಮಾಡ್ಕೋಬೇಡಿ. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿರುತ್ತಾರೆ, ಡಾಕ್ಟರಿಗೂ ಅದಕ್ಕಿಂತ ಜಾಸ್ತಿ ಹೇಳಲು ಹೊತ್ತಿರುವುದಿಲ್ಲ. ಸಲಹೆಯಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಗೆ ಬಂದು ಅದನ್ನು ಪಾಲಿಸಲು ಹೊರಟಾಗ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಮನೆಯಲ್ಲಿ ಅಡುಗೆ ಮಾಡುವವರು ಯಾರು, ಯಾರ ರುಚಿಗೆ ಮಾಡುತ್ತಾರೆ? ರಾತ್ರಿ ಪಾಳಿ ಮುಗಿಸಿ ಬಂದವರು ವಾಕಿಂಗ್ ಹೋಗುವುದು ಯಾವಾಗ? ನಡೆಯಲು ಬೀದಿಯಲ್ಲಿ ಜಾಗ ಇದೆಯಾ? ಸಾಲ ತಲೆ ಮೇಲಿರುವವರು ಟೆನ್ಷನ್ ಬಿಡುವುದು ಹೇಗೆ?

ಈ ಪ್ರಶ್ನೆಗಳು ಯಾವುವೂ ರಕ್ತ ಪರೀಕ್ಷೆಯಲ್ಲಿ ಬರುವುದಿಲ್ಲ. ಆದರೆ ಮೂರು ತಿಂಗಳ ನಂತರದ ರಿಪೋರ್ಟ್ ಹೇಗಿರುತ್ತದೆ ಅನ್ನುವುದರಲ್ಲಿ ಇವಕ್ಕೆಲ್ಲ ಪಾಲಿದೆ. ಆರೋಗ್ಯಕ್ಕೆ ಹಲವು ಮುಖಗಳಿವೆ ಅನ್ನುವ ಮಾತು ಪಾಠದ ಹಾಗೆ ಹೇಳಿದರೆ ಒಣಗಿದಂತೆ ಕೇಳಿಸುತ್ತದೆ. ಅದನ್ನೇ ಒಬ್ಬ ಶುಗರ್ ರೋಗಿಯ ಒಂದು ದಿನದ ಜೊತೆ ಇಟ್ಟು ನೋಡಿದರೆ ಸಟ್ಟನೆ ಅರ್ಥವಾಗುತ್ತದೆ. ಈ ಕಾಯಿಲೆಯನ್ನೇ ಆರಿಸಿಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಅಂದರೆ ಇದನ್ನು ಓದುವ ಹೆಚ್ಚಿನವರ ಮನೆಯಲ್ಲೋ ನೆಂಟರಲ್ಲೋ ಒಬ್ಬರಾದರೂ ಇರುತ್ತಾರೆ.

ಮೊದಲು ಈ 'ಮುಖಗಳು' ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡೋಣ. 1948ರ ಏಪ್ರಿಲ್ 7ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಜಾರಿಗೆ ಬಂತು. ಕಾಯಿಲೆ ಇಲ್ಲ ಅಂದರೆ ಸಾಲದು, ದೇಹ, ಮನಸ್ಸು, ಸಾಮಾಜಿಕ ಬದುಕು ಮೂರೂ ಪೂರ್ತಿ ಚೆನ್ನಾಗಿರಬೇಕು, ಅದೇ ಆರೋಗ್ಯ ಎಂದು ಅದರಲ್ಲಿ ಬರೆದರು. ನಮ್ಮಲ್ಲಿ ಸುಶ್ರುತ ಬಹಳ ಹಿಂದೆಯೇ ಇದರ ಹತ್ತಿರದ ಮಾತು ಹೇಳಿದ್ದ. ದೋಷ, ಅಗ್ನಿ, ಧಾತುಗಳು ಸಮವಾಗಿರುವುದರ ಜೊತೆಗೆ ಆತ್ಮ, ಇಂದ್ರಿಯ, ಮನಸ್ಸು ಪ್ರಸನ್ನವಾಗಿದ್ದರೆ ಮಾತ್ರ ಒಬ್ಬನನ್ನು ಸ್ವಸ್ಥ ಅನ್ನಬಹುದು ಎಂದ. 1976ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಡಾಕ್ಟರ್ ಬಿಲ್ ಹೆಟ್ಲರ್ ಆರು ಮುಖಗಳನ್ನು ಪಟ್ಟಿ ಮಾಡಿದರು: ದೇಹ, ಭಾವನೆ, ಸಂಬಂಧ, ಬುದ್ಧಿ, ಕೆಲಸ, ಅಧ್ಯಾತ್ಮ. ಆಮೇಲೆ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ಪೆಗ್ಗಿ ಸ್ವಾರ್‌ಬ್ರಿಕ್ ಅದಕ್ಕೆ ಹಣಕಾಸು ಮತ್ತು ಪರಿಸರವನ್ನೂ ಸೇರಿಸಿ ಎಂಟು ಮಾಡಿದರು. ಇಂದು ಪೋಸ್ಟರುಗಳಲ್ಲಿ, ಕಂಪನಿಗಳ ಆರೋಗ್ಯ ಕಾರ್ಯಕ್ರಮಗಳಲ್ಲಿ ಕಾಣುವ ಎಂಟು ಎಸಳಿನ ಚಿತ್ರ ಹುಟ್ಟಿದ್ದು ಹೀಗೆ.

ಆ ಚಿತ್ರದ ಬಗ್ಗೆ ನನಗೊಂದು ತಕರಾರಿದೆ. ಅದರಲ್ಲಿ ಎಂಟೂ ಎಸಳು ಒಂದೇ ಅಳತೆಯವು. ನಿಜವಾದ ಬದುಕಿನಲ್ಲಿ ಹಾಗಿರುವುದಿಲ್ಲ. ಒಬ್ಬರಿಗೆ ಹಣವೇ ಮುಕ್ಕಾಲು ಪಾಲು ಆಗಿರುತ್ತದೆ, ಇನ್ನೊಬ್ಬರಿಗೆ ಒಂಟಿತನ. ಜೊತೆಗೆ ಒಂದು ಮುಖ ಕುಸಿದರೆ ಪಕ್ಕದ್ದನ್ನೂ ಎಳೆದುಕೊಂಡೇ ಬೀಳುತ್ತದೆ. ಹಾಗಾಗಿ ಎಂಟನ್ನೂ ಒಂದೊಂದಾಗಿ ಸರಿಮಾಡಲು ಹೊರಡುವುದಕ್ಕಿಂತ, ನಿಮ್ಮ ವಿಷಯದಲ್ಲಿ ಯಾವುದು ಉಳಿದದ್ದನ್ನು ಎಳೆಯುತ್ತಿದೆ ಅಂತ ಹುಡುಕುವುದು ಹೆಚ್ಚು ಉಪಯೋಗದ ಕೆಲಸ.

ಹಳೆಯ ವ್ಯಾಖ್ಯಾನದಲ್ಲೂ ಒಂದು ತೊಡಕಿದೆ. 'ಪೂರ್ತಿ ಚೆನ್ನಾಗಿರುವುದು' ಅಂದರೆ ಜೀವನಪೂರ್ತಿ ಇರುವ ಕಾಯಿಲೆ ಬಂದವರು ಇನ್ನೆಂದೂ ಆರೋಗ್ಯವಂತರಾಗುವ ಹಾಗೇ ಇಲ್ಲ. 2011ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಾಖ್ಟೆಲ್ಡ್ ಹ್ಯೂಬರ್ ಮತ್ತು ಅವರ ಜೊತೆಗಾರರು ಬೇರೆ ದಾರಿ ತೋರಿಸಿದರು. ಎದುರಾದ ದೈಹಿಕ, ಭಾವನಾತ್ಮಕ, ಸಾಮಾಜಿಕ ಸವಾಲಿಗೆ ಹೊಂದಿಕೊಂಡು ತನ್ನನ್ನು ತಾನು ನಿಭಾಯಿಸಿಕೊಳ್ಳುವ ಶಕ್ತಿಯನ್ನೇ ಆರೋಗ್ಯ ಅನ್ನೋಣ ಎಂದರು. ಈ ಲೆಕ್ಕದಲ್ಲಿ ಶುಗರ್ ಇದ್ದೂ ಆರೋಗ್ಯವಾಗಿರಬಹುದು. ಇಪ್ಪತ್ತು ವರ್ಷದಿಂದ ಇನ್ಸುಲಿನ್ ತಗೊಳ್ಳುತ್ತಾ ಹೊಲ, ಮನೆ, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿರುವ ಅಜ್ಜಿಯರು ನಮ್ಮೂರುಗಳಲ್ಲಿ ಇದ್ದಾರಲ್ವಾ?

ಈಗ ದೇಹದ ವಿಷಯ. ಅನ್ನ, ಮುದ್ದೆ, ಚಪಾತಿ, ರೊಟ್ಟಿ, ಅವಲಕ್ಕಿ, ಉಪ್ಪಿಟ್ಟು, ಯಾವುದು ತಿಂದರೂ ಅದರಲ್ಲಿರುವ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುತ್ತದೆ. ಆ ಇನ್ಸುಲಿನ್ ಸಿಕ್ಕಾಗ ಸ್ನಾಯುಗಳು ರಕ್ತದಿಂದ ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ. ಟೈಪ್ 2 ಶುಗರ್‌ನಲ್ಲಿ ಎರಡು ತೊಂದರೆ ಒಟ್ಟಿಗೆ ಇರುತ್ತವೆ. ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳುವುದಿಲ್ಲ, ಗ್ರಂಥಿಯೂ ನಿಧಾನವಾಗಿ ಸೋಲುತ್ತಾ ಹೋಗುತ್ತದೆ. ಖಾಲಿ ಹೊಟ್ಟೆಯಲ್ಲಿ ಶುಗರ್ 126 ಅಥವಾ ಅದಕ್ಕಿಂತ ಮೇಲೆ ಇದ್ದರೆ, ಇಲ್ಲವೇ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅದನ್ನು ಸಕ್ಕರೆ ಕಾಯಿಲೆ ಅನ್ನುತ್ತಾರೆ.

'ನಾನು ಸಣ್ಣಗಿದ್ದೀನಿ, ನನಗ್ಯಾಕೆ ಶುಗರ್ ಬಂತು' ಅಂತ ತುಂಬಾ ಜನ ಕೇಳುತ್ತಾರೆ. ಇದಕ್ಕೆ ಒಳ್ಳೆಯ ಉತ್ತರ 2004ರಲ್ಲಿ ಪ್ರಕಟವಾದ ಒಂದು ಫೋಟೋದಲ್ಲಿದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಇಬ್ಬರದ್ದೂ 22.3. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನಮ್ಮ ಜನರಲ್ಲಿ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯ ಸುತ್ತ, ಒಳಗಿನ ಅಂಗಗಳ ಸುತ್ತ ಕೊಬ್ಬು ಸೇರುವುದು ಜಾಸ್ತಿ, ಸ್ನಾಯು ಕಡಿಮೆ. ಆದ್ದರಿಂದ ತೂಕದ ಯಂತ್ರಕ್ಕಿಂತ ಟೈಲರ್ ಟೇಪು ನಮಗೆ ಹೆಚ್ಚು ನಿಜ ಹೇಳುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಊಟದಲ್ಲಿ ನಮ್ಮ ಕಡೆ ಒಂದು ನಂಬಿಕೆ ಬಲವಾಗಿ ಬೇರೂರಿದೆ: ಅನ್ನ ಬಿಟ್ಟು ಮುದ್ದೆ ತಿಂದರೆ ಶುಗರ್ ಏರುವುದಿಲ್ಲ. ರಾಗಿ ಒಳ್ಳೆಯದೇ, ಅನುಮಾನ ಬೇಡ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ಅಂತೂ ಬಹಳ. ಆದರೆ ಪಿಷ್ಟದ ಲೆಕ್ಕಕ್ಕೆ ಬಂದರೆ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ 67. ವ್ಯತ್ಯಾಸ ಅಷ್ಟೇ. ನುಣ್ಣಗೆ ಬೀಸಿದ ಹಿಟ್ಟಿನ ಮೂರು ಮುದ್ದೆ ತಿಂದು, ಮೇಲೆ ಅನ್ನವನ್ನೂ ಬಡಿಸಿಕೊಂಡರೆ ಶುಗರ್ ಇಳಿಯುವುದಿಲ್ಲ. ಒಂದು ಮುದ್ದೆ, ಜೊತೆಗೆ ದಂಡಿಯಾಗಿ ಸೊಪ್ಪಿನ ಸಾರು, ಹುರುಳಿ ಅಥವಾ ಹೆಸರುಕಾಳು, ಒಂದು ಮೊಟ್ಟೆ ಅಥವಾ ಮೀನು, ಸೌತೆಕಾಯಿ ಕೋಸಂಬರಿ, ಇದು ಸರಿಯಾದ ತಟ್ಟೆ. ಅರ್ಧ ತಟ್ಟೆ ತರಕಾರಿ-ಸೊಪ್ಪು, ಕಾಲು ಭಾಗ ಕಾಳು ಅಥವಾ ಮೊಟ್ಟೆ-ಮಾಂಸ, ಉಳಿದ ಕಾಲು ಭಾಗ ಮುದ್ದೆಯೋ ಅನ್ನವೋ ರೊಟ್ಟಿಯೋ.

ನಡಿಗೆಯ ಬಗ್ಗೆಯೂ ಒಂದು ಮಾತು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ನೆರವು ಹೆಚ್ಚು ಇಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೂ ಲಾಭವಿದೆ. ಬೆಳಗ್ಗೆ ಐದಕ್ಕೇ ಎದ್ದು ಪಾರ್ಕಿಗೆ ಹೋಗಬೇಕು ಅಂತೇನಿಲ್ಲ. ವಾರಕ್ಕೆ ಒಟ್ಟು 150 ನಿಮಿಷ ಸ್ವಲ್ಪ ಏದುಸಿರು ಬರುವ ಚಟುವಟಿಕೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ, ಇದು ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಸಲಹೆ. ಎರಡನೆಯದನ್ನು ನಾವು ಮರೆತೇ ಬಿಡುತ್ತೇವೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದೂ ಅದೇ ವ್ಯಾಯಾಮವೇ.

ಇದೆಲ್ಲ ದೇಹಕ್ಕೆ ಸಂಬಂಧಿಸಿದ್ದು. ಇಷ್ಟೇ ಸಾಕಾಗಿದ್ದರೆ ಡಾಕ್ಟರ ನಾಲ್ಕು ಮಾತು ಸಾಕಿತ್ತು.

ಮನಸ್ಸು ಶುಗರ್ ಏರಿಸುತ್ತದೆ ಅಂದರೆ ಕೆಲವರು ನಂಬುವುದಿಲ್ಲ. ಇದು ದೇಹದೊಳಗೇ ನಡೆಯುವ ಲೆಕ್ಕ. ಭಯ, ಸಿಟ್ಟು, ಚಿಂತೆ ಬಂದಾಗ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ರಸಗಳು ಹೊರಬರುತ್ತವೆ. ಅಪಾಯ ಬಂದಿದೆ, ಶಕ್ತಿ ಬೇಕು ಅಂದುಕೊಂಡು ಯಕೃತ್ತು ತನ್ನಲ್ಲಿರುವ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ಹಿಂದೆ ಓಡಲೋ ಹೊಡೆದಾಡಲೋ ಅದು ಬೇಕಿತ್ತು. ಈಗ ಬ್ಯಾಂಕಿನ ನೋಟಿಸ್ ಹಿಡಿದು ಕುರ್ಚಿಯಲ್ಲಿ ಕೂತವರ ರಕ್ತದಲ್ಲಿ ಅದು ಹಾಗೇ ಉಳಿಯುತ್ತದೆ.

ನಿದ್ದೆಯದ್ದೂ ಇಂಥದ್ದೇ ಕತೆ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ 11 ಮಂದಿ ಆರೋಗ್ಯವಂತ ಯುವಕರಿಗೆ ಸತತ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ದೇಹ ಗ್ಲೂಕೋಸ್ ನಿಭಾಯಿಸುವ ಶಕ್ತಿ ಎದ್ದು ಕಾಣುವಷ್ಟು ತಗ್ಗಿತು. ಯಾರಿಗೂ ಶುಗರ್ ಇರಲಿಲ್ಲ, ಯಾರೂ ಸಿಹಿ ಜಾಸ್ತಿ ತಿಂದಿರಲಿಲ್ಲ. ನಿಮ್ಮ ಮನೆಯಲ್ಲಿ ಶುಗರ್ ಇರುವವರು ಜೋರಾಗಿ ಗೊರಕೆ ಹೊಡೆಯುತ್ತಾ, ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಅದು ಚಿಕಿತ್ಸೆ ಇರುವ ತೊಂದರೆ, ನಕ್ಕು ಬಿಡುವ ವಿಷಯವಲ್ಲ.

ಇದರ ಇನ್ನೊಂದು ಮಗ್ಗುಲನ್ನು ಕಂಡು ನನಗೆ ತುಂಬಾ ಸಂಕಟವಾಗುತ್ತದೆ. ಶುಗರ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಕಾಣಿಸುತ್ತದೆ. ಖಿನ್ನತೆ ಅಲ್ಲದಿದ್ದರೂ ದಿನಾ ಚುಚ್ಚಿಕೊಳ್ಳುವುದು, ದಿನಾ ಲೆಕ್ಕ ಹಾಕುವುದು, ದಿನಾ ಬೈಸಿಕೊಳ್ಳುವುದು ಸಾಕಾಗಿ ಹೋಗುವ ಸುಸ್ತು ಒಂದಿದೆ. ಅಂಥ ಹೊತ್ತಲ್ಲಿ ಮಾತ್ರೆ ಬಿಡುತ್ತಾರೆ, ಪರೀಕ್ಷೆಗೆ ಹೋಗುವುದಿಲ್ಲ. ನಾವು ಅದನ್ನು ಹಟ, ಸೋಮಾರಿತನ ಅಂತ ಕರೆದು ಇನ್ನಷ್ಟು ಬೈಯುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಯಾವುದಾದರೂ ಮಾನಸಿಕ ತೊಂದರೆ ಇತ್ತು, ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಈಗ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿಗೆ ಕಷ್ಟವಾದಾಗ ಯಾರಾದರೂ ಕರೆ ಮಾಡಬಹುದು, ಹುಚ್ಚು ಹಿಡಿದವರಿಗೆ ಮಾತ್ರ ಅಂತ ಅಂದುಕೊಂಡು ಹಿಂಜರಿಯಬೇಡಿ.

ಸಂಬಂಧಗಳ ಮುಖವನ್ನು ನಮ್ಮ ಮನೆಗಳಲ್ಲಿ ನೋಡಬೇಕು. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ 'ಒಂದು ಹೋಳಿಗೆಯಿಂದ ಏನಾಗುತ್ತೆ, ಹಾಕಿಸ್ಕೊಳ್ಳಿ' ಅನ್ನುವುದು ನಮ್ಮಲ್ಲಿ ಪ್ರೀತಿ. ಬೇಡ ಅಂದರೆ ಬಡಿಸಿದವರಿಗೆ ಬೇಜಾರು. ಬೇಡ ಅನ್ನುವುದಕ್ಕೆ ಧೈರ್ಯ ಬೇಕು, ಆ ಧೈರ್ಯಕ್ಕೆ ಪಕ್ಕದಲ್ಲಿ ಕೂತವರ ಬೆಂಬಲ ಬೇಕು.

ಗಂಡಸಿಗೆ ಶುಗರ್ ಬಂದರೆ ಮನೆಯಲ್ಲಿ ಬೇರೆ ಪಲ್ಯ, ಬೇರೆ ಚಪಾತಿ, ಹೊತ್ತಿಗೆ ಸರಿಯಾಗಿ ಮಾತ್ರೆ. ಮನೆಯ ಹೆಂಗಸಿಗೆ ಬಂದಾಗ? ಎಲ್ಲರಿಗೂ ಬಡಿಸಿ, ಕೊನೆಗೆ ಉಳಿದ ಅನ್ನವನ್ನು ಎರಡು ಗಂಟೆಗೋ ಮೂರು ಗಂಟೆಗೋ ಉಣ್ಣುತ್ತಾಳೆ. ತನಗೊಬ್ಬಳಿಗೇ ಬೇರೆ ಅಡುಗೆ ಮಾಡಿಕೊಳ್ಳಲು ಅವಳಿಗೆ ನಾಚಿಕೆ. ಕೆಲವು ಬಗೆಯ ಮಾತ್ರೆ ನುಂಗಿ ಊಟ ತಡವಾದರೆ ಶುಗರ್ ಒಮ್ಮೆಲೇ ಇಳಿದು ಕಣ್ಣು ಕತ್ತಲೆ ಬರುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ. ಆಗ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು. ಆದರೆ ಇದಕ್ಕಿಂತ ಮೊದಲು ಆಗಬೇಕಾದ್ದು, ಅವಳು ಎಲ್ಲರ ಜೊತೆ ಕೂತು ಹೊತ್ತಿಗೆ ಸರಿಯಾಗಿ ಉಣ್ಣುವುದು. ಅವಳಿಗೆ ಬೇಕಾದ ತಟ್ಟೆ ಉಳಿದವರಿಗೂ ಒಳ್ಳೆಯದೇ. ಎರಡು ಬಗೆಯ ಅಡುಗೆ ಯಾಕೆ ಬೇಕು ಹೇಳಿ? ಮನೆಮಂದಿಯೆಲ್ಲ ಒಂದೇ ತಟ್ಟೆಗೆ ಬಂದರೆ ಮುಂದಿನ ತಲೆಮಾರಿಗೂ ಕಾಯಿಲೆ ತಡವಾಗಬಹುದು.

ಚಿಕ್ಕ ವಯಸ್ಸಿನಲ್ಲೇ ಬರುವ ಟೈಪ್ 1 ಶುಗರ್ ಇರುವ ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಮದುವೆ ಆಗುವುದಿಲ್ಲ ಅನ್ನುವ ಭಯಕ್ಕೆ ಎಷ್ಟೋ ಮನೆಗಳಲ್ಲಿ ಅದನ್ನು ಮುಚ್ಚಿಡುತ್ತಾರೆ. ಬಚ್ಚಲುಮನೆಯಲ್ಲಿ ಕದ್ದು ಇನ್ಸುಲಿನ್ ಚುಚ್ಚಿಕೊಳ್ಳುವ ಹುಡುಗಿಯ ರಿಪೋರ್ಟ್ ಕೆಟ್ಟರೆ ಅದಕ್ಕೆ ಅವಳನ್ನು ಬೈದು ಫಲವೇನು? ಸಂಬಂಧಗಳ ಬಲವನ್ನು ಲೆಕ್ಕಕ್ಕೂ ಇಳಿಸಿದ್ದಾರೆ. 2010ರಲ್ಲಿ ಅಮೆರಿಕದ ಸಂಶೋಧಕಿ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ತಂಡ 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಗಟ್ಟಿ ಸಂಬಂಧಗಳಿದ್ದವರು ಆ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇ. 50ರಷ್ಟು ಹೆಚ್ಚಿತ್ತು.

ಕೆಲಸದ ಮುಖಕ್ಕೆ ಬಂದರೆ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರುಗಳನ್ನು ಹೋಲಿಸಿದರು. ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಡ್ರೈವರ್ ಕೂತೇ ಇರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು, ಬಂದರೂ ತಡವಾಗಿ ಬರುತ್ತಿತ್ತು. ಕೂತು ಮಾಡುವ ಕೆಲಸ ಜೀವಕ್ಕೆ ಭಾರ ಅನ್ನುವುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಅದೂ ಒಂದು. ಇಂದು ಲಾರಿ, ಕ್ಯಾಬ್ ಓಡಿಸುವವರು, ಕಂಪ್ಯೂಟರ್ ಮುಂದೆ ಕೂರುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳು, ಎಲ್ಲರೂ ಆ ಡ್ರೈವರನ ಜಾಗದಲ್ಲಿದ್ದಾರೆ. ರಾತ್ರಿ ಪಾಳಿಯವರಿಗೆ ಇನ್ನೂ ಒಂದು ಹೊರೆ. ದೇಹದ ಗಡಿಯಾರ ಮಲಗುವ ಹೊತ್ತು ಅಂದುಕೊಂಡಿರುವಾಗ ಉಣ್ಣುತ್ತಾರೆ. ವರ್ಷಗಟ್ಟಲೆ ಹೀಗೆ ನಡೆದರೆ ಶುಗರ್ ಬರುವ ಅಪಾಯ ಏರುತ್ತದೆ.

ಹೊಲದಲ್ಲಿ ದುಡಿಯುವವರ ಕಷ್ಟ ಬೇರೆ ತರಹದ್ದು. ಅವರ ದೇಹಕ್ಕೆ ಚಟುವಟಿಕೆ ಸಾಕಷ್ಟಿದೆ. ಆದರೆ ಶುಗರ್ ಹಳೆಯದಾದಾಗ ಪಾದದ ಸ್ಪರ್ಶ ಹೋಗುತ್ತದೆ. ಬರಿಗಾಲಲ್ಲಿ ನಡೆದಾಗ ಚುಚ್ಚಿದ ಮುಳ್ಳು ಗೊತ್ತೇ ಆಗುವುದಿಲ್ಲ. ಗಾಯ ಕೀವಾಗಿ ವಾಸನೆ ಬಂದಾಗಲೇ ತಿಳಿಯುವುದು. ಕಾಲು ಕಳೆದುಕೊಂಡರೆ ಅವರ ದುಡಿಮೆಯೂ ಹೋಯಿತು, ಮನೆಯ ಆದಾಯವೂ ಹೋಯಿತು. ಪ್ರತಿ ರಾತ್ರಿ ಪಾದದ ಅಡಿಭಾಗ, ಬೆರಳ ಸಂದು ನೋಡಿಕೊಳ್ಳುವುದು, ಕಾಣದಿದ್ದರೆ ಮಕ್ಕಳಿಂದ ನೋಡಿಸಿಕೊಳ್ಳುವುದು, ಗದ್ದೆ ಬದುವಿನ ಮೇಲೆ ಚಪ್ಪಲಿ ಹಾಕುವುದು, ಇಷ್ಟರಿಂದ ಎಷ್ಟೋ ಕಾಲುಗಳು ಉಳಿಯುತ್ತವೆ.

ನಾವು ಬದುಕುವ ಜಾಗ ನಮ್ಮ ರಕ್ತದೊಳಗೆ ಇಳಿಯುತ್ತದೆಯೇ? ಅಮೆರಿಕದಲ್ಲಿ 1990ರ ದಶಕದಲ್ಲಿ ಇದನ್ನು ನಿಜವಾಗಿಯೂ ಪರೀಕ್ಷಿಸಿದರು. ಐದು ದೊಡ್ಡ ನಗರಗಳಲ್ಲಿ ತೀರಾ ಬಡ ಕೇರಿಗಳಲ್ಲಿದ್ದ ಕುಟುಂಬಗಳ ನಡುವೆ ಚೀಟಿ ಎತ್ತಿ, ಕೆಲವರಿಗೆ ಅಷ್ಟು ಬಡತನವಿಲ್ಲದ ಕೇರಿಗೆ ಹೋಗಿ ಇರಲು ಬಾಡಿಗೆ ನೆರವು ಕೊಟ್ಟರು. ಹತ್ತು-ಹದಿನೈದು ವರ್ಷದ ನಂತರ ನೋಡಿದಾಗ, ಆ ನೆರವು ಸಿಕ್ಕ ಗುಂಪಿನ ಹೆಂಗಸರಲ್ಲಿ ಅತಿ ಬೊಜ್ಜು ಮತ್ತು ಸಕ್ಕರೆ ಕಾಯಿಲೆ ಎರಡೂ ಕಡಿಮೆ ಇದ್ದವು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಯಾರಿಗೂ ಡಯಟ್ ಚಾರ್ಟ್ ಕೊಟ್ಟಿರಲಿಲ್ಲ, ಬದಲಾದದ್ದು ಬೀದಿ. ನಡೆಯಲು ಭಯವಿಲ್ಲದ ರಸ್ತೆ, ತರಕಾರಿ ಸಿಗುವ ಅಂಗಡಿ, ನೆಮ್ಮದಿಯ ನಿದ್ದೆ, ಇಂಥವು ಜಾಗದ ಜೊತೆ ಬರುತ್ತವೆ. ನಮ್ಮ ಊರುಗಳಲ್ಲಿ ಫುಟ್‌ಪಾತ್ ಕೇಳುವುದು, ಕೆರೆಯ ದಂಡೆಯಲ್ಲಿ ದೀಪ ಹಾಕಿಸುವುದು ಕೂಡ ಶುಗರ್ ಚಿಕಿತ್ಸೆಯೇ ಅಂತ ನಾನು ನಂಬುತ್ತೇನೆ.

ಈ ಮಾತು ನಾವು ಹುಟ್ಟುವುದಕ್ಕಿಂತ ಹಿಂದಕ್ಕೂ ಹೋಗುತ್ತದೆ, ಅದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. 1990ರ ದಶಕದಲ್ಲಿ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಆಗಿನ ಕೂಸುಗಳು ನಡುವಯಸ್ಸಿನವರಾಗಿದ್ದಾಗ ಅವರನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಹುಟ್ಟುವಾಗ ಗಿಡ್ಡಗೆ, ಉದ್ದಕ್ಕೆ ತಕ್ಕುದಕ್ಕಿಂತ ದಪ್ಪಗಿದ್ದವರಲ್ಲಿ, ಅದರಲ್ಲೂ ಹೆಚ್ಚು ತೂಕದ ತಾಯಂದಿರಿಗೆ ಹುಟ್ಟಿದವರಲ್ಲಿ, ಸಕ್ಕರೆ ಕಾಯಿಲೆ ಜಾಸ್ತಿ ಇತ್ತು. ಬಸಿರಿನಲ್ಲಿ ತಾಯಿಗೆ ಏನು ಸಿಕ್ಕಿತು, ಅವಳ ಶುಗರ್ ಹೇಗಿತ್ತು ಅನ್ನುವುದು ನಲವತ್ತು-ಐವತ್ತು ವರ್ಷದ ನಂತರ ಮಗುವಿನ ಮೈಯಲ್ಲಿ ಕಾಣಿಸಿಕೊಳ್ಳಬಹುದು ಅಂತಾಯಿತು. ಹಾಗಾಗಿ ಬಸುರಿಯರಿಗೆ ಶುಗರ್ ಪರೀಕ್ಷೆ ತಪ್ಪಿಸಬಾರದು. ಜೊತೆಗೆ, ಕಾಯಿಲೆ ಬಂದವರನ್ನು 'ಬಾಯಿ ಚಪಲದಿಂದ ಬಂತು' ಅಂತ ಹಂಗಿಸುವುದನ್ನೂ ಬಿಡಬೇಕು.

ಬುದ್ಧಿಯ ಮುಖ ಅಂದರೆ ಇಲ್ಲಿ ತನ್ನ ಕಾಯಿಲೆಯನ್ನು ತಾನು ತಿಳಿಯುವುದು. ಎಚ್‌ಬಿಎ1ಸಿ ಅಂದರೇನು, ನನ್ನ ಗುರಿ ಎಷ್ಟು, ಕಣ್ಣಿನ ಹಿಂಪರದೆ ಮತ್ತು ಮೂತ್ರದಲ್ಲಿ ಪ್ರೋಟೀನ್ ವರ್ಷಕ್ಕೊಮ್ಮೆ ನೋಡಿಸಿದ್ದೇನೆಯೇ, ಇಷ್ಟು ಪ್ರಶ್ನೆ ಕೇಳಲು ದೊಡ್ಡ ಓದು ಬೇಕಾಗಿಲ್ಲ. ಕಣ್ಣು, ಕಿಡ್ನಿ ಕೆಡುವಾಗ ಮೊದಲಿಗೆ ನೋವೇ ಇರುವುದಿಲ್ಲ, ಅದಕ್ಕೇ ಪರೀಕ್ಷೆ. ಮೊಬೈಲಿನಲ್ಲಿ ಬರುವ ಮದ್ದುಗಳ ವಿಷಯದಲ್ಲೂ ಬುದ್ಧಿ ಬೇಕು. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, 'ನಲವತ್ತು ದಿನದಲ್ಲಿ ಶುಗರ್ ಮಾಯ' ಅನ್ನುವ ವಿಡಿಯೊ ನೋಡಿ ಇನ್ಸುಲಿನ್ ನಿಲ್ಲಿಸುವವರಿದ್ದಾರೆ. ಟೈಪ್ 1 ಇರುವವರು ಹಾಗೆ ಮಾಡಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಬರುತ್ತದೆ.

ಹಾಗಂತ ಶುಗರ್ ಯಾವತ್ತೂ ಹಿಂದೆ ಸರಿಯುವುದಿಲ್ಲ ಅನ್ನುವುದೂ ಸರಿಯಲ್ಲ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟೈಪ್ 2 ಬಂದು ಆರು ವರ್ಷದೊಳಗಿದ್ದ, ಇನ್ಸುಲಿನ್ ತಗೊಳ್ಳದ ಜನರಿಗೆ ವೈದ್ಯರ ನಿಗಾದಲ್ಲಿ ತೂಕ ಇಳಿಸಲು ನೆರವು ಕೊಟ್ಟರು. ಒಂದು ವರ್ಷದ ಕೊನೆಗೆ ಶೇ. 46ರಷ್ಟು ಮಂದಿಯ ಶುಗರ್ ಮಾತ್ರೆ ಇಲ್ಲದೆಯೇ ಮಿತಿಯೊಳಗೆ ಬಂದಿತ್ತು. 15 ಕಿಲೋಗಿಂತ ಹೆಚ್ಚು ಇಳಿಸಿದವರಲ್ಲಂತೂ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಹಾಗಾಯಿತು. ಇನ್ನೂ ಹೊಸ್ತಿಲಲ್ಲಿರುವವರಿಗೂ ಭರವಸೆ ಇದೆ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಶುಗರ್ ಬರುವ ಅಪಾಯ ಶೇ. 28.5ರಷ್ಟು ಕಡಿಮೆಯಾಯಿತು. ನಮ್ಮ ಪಕ್ಕದ ರಾಜ್ಯದವರು, ನಮ್ಮ ಹಾಗೇ ಅನ್ನ ಉಣ್ಣುವವರು.

ಅಧ್ಯಾತ್ಮದ ವಿಷಯವನ್ನು ಇಲ್ಲಿ ಉಪವಾಸದ ಮೂಲಕವೇ ನೋಡುತ್ತೇನೆ, ಕಾಯಿಲೆಗೂ ನಂಬಿಕೆಗೂ ನೇರ ಮುಖಾಮುಖಿ ಆಗುವುದು ಅಲ್ಲೇ. ಏಕಾದಶಿ, ಶಿವರಾತ್ರಿ, ರಂಜಾನ್ ತಿಂಗಳ ರೋಜಾ, ಇವು ಜನರ ಬದುಕಿಗೆ ಅರ್ಥ ಕೊಡುವ ಆಚರಣೆಗಳು. 'ಅದೆಲ್ಲ ಬಿಡಿ' ಅಂತ ಒಂದೇ ಮಾತಲ್ಲಿ ಹೇಳಿದರೆ ಜನ ಡಾಕ್ಟರಿಗೆ ತಿಳಿಸದೆ ಉಪವಾಸ ಮಾಡುತ್ತಾರೆ. ಅದು ಹೆಚ್ಚು ಅಪಾಯ. ಮೊದಲೇ ಹೇಳಿದರೆ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಡಬಹುದು. ಯಾರು ಉಪವಾಸ ಮಾಡಲೇಬಾರದು ಅಂತಲೂ ತಿಳಿಯುತ್ತದೆ. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿಯನ್ನು ಇಸ್ಲಾಂ ಕೂಡ ಕೊಟ್ಟಿದೆ, ನಮ್ಮ ಹಿರಿಯರೂ ಹಾಲು-ಹಣ್ಣಿಗೆ ಅವಕಾಶ ಇಟ್ಟಿದ್ದಾರೆ.

ಕೊನೆಯದು ಹಣ. ಇನ್ಸುಲಿನ್ ಕಂಡುಹಿಡಿದ ತಂಡದವರು 1923ರಲ್ಲಿ ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಅದು ಎಲ್ಲರಿಗೂ ಸಿಗಲಿ ಅನ್ನುವುದು ಅವರ ಆಸೆ. ನೂರು ವರ್ಷ ಕಳೆದರೂ ದುಡ್ಡಿಲ್ಲದೆ ಡೋಸ್ ಕಡಿಮೆ ಮಾಡಿಕೊಳ್ಳುವವರು ನಮ್ಮ ನಡುವೆ ಇದ್ದಾರೆ. 2021-22ರ ಲೆಕ್ಕದಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 39.4 ಜನರ ಸ್ವಂತ ಜೇಬಿನಿಂದ ಹೋಗಿದೆ. ಹಿಂದಿಗಿಂತ ಇದು ಕಡಿಮೆ, ಆದರೂ ಬಡವರಿಗೆ ದೊಡ್ಡ ಹೊರೆ. ಸರ್ಕಾರದ ಆರೋಗ್ಯ ಕಾರ್ಡುಗಳು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ಶುಗರ್ ಖರ್ಚು ಹಾಗಲ್ಲ, ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ, ಜೀವನಪೂರ್ತಿ.

ಇಲ್ಲಿ ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಬಿಪಿ, ಶುಗರ್‌ಗೆಂದೇ ಎನ್‌ಸಿಡಿ ಕ್ಲಿನಿಕ್ ಇರುತ್ತದೆ. ಅಲ್ಲಿ ಪರೀಕ್ಷೆ, ಸಾಮಾನ್ಯವಾಗಿ ಬೇಕಾಗುವ ಮಾತ್ರೆಗಳು ಉಚಿತ. ಜನೌಷಧಿ ಕೇಂದ್ರಗಳಲ್ಲಿ ಅದೇ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆಗಳು ಬ್ರಾಂಡಿನ ಬೆಲೆಗಿಂತ ಬಹಳ ಕಡಿಮೆಗೆ ಸಿಗುತ್ತವೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರಿಗೆ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಎಲ್ಲಿಗೆ ಹೋಗಬೇಕು ಅಂತ ತಿಳಿಸುತ್ತಾರೆ.

ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ರಿಪೋರ್ಟಿನ ಜೊತೆ ಮೂರ್ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಊಟ ಎಷ್ಟು ಹೊತ್ತಿಗೆ ಆಗುತ್ತದೆ, ಕೆಲಸ ಹಗಲೋ ರಾತ್ರಿಯೋ, ನಿದ್ದೆ ಎಷ್ಟು, ತಿಂಗಳಿಗೆ ಮಾತ್ರೆಗೆ ಎಷ್ಟು ಖರ್ಚು ಮಾಡಬಲ್ಲಿರಿ, ಉಪವಾಸ ಇದೆಯೇ, ಮನಸ್ಸಿಗೆ ಏನಾದರೂ ಭಾರವಿದೆಯೇ. ಎರಡು ನಿಮಿಷದ ಮಾತು ಸಾಕು. ಮಾತ್ರೆಯ ಆಯ್ಕೆಯೇ ಇದರಿಂದ ಬದಲಾಗಬಹುದು. ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ ಊಟ ತಪ್ಪಿದರೆ ಶುಗರ್ ತೀರಾ ಇಳಿದುಬಿಡುತ್ತದೆ, ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಲ್ಲಿ ಹಾಗಾಗುವುದು ಅಪರೂಪ. ರಾತ್ರಿಯೆಲ್ಲ ಲಾರಿ ಓಡಿಸುವವರಿಗೆ, ಊಟದ ಹೊತ್ತು ಗೊತ್ತಿಲ್ಲದ ಕೂಲಿಯವರಿಗೆ ಯಾವುದನ್ನು ಕೊಡಬೇಕು ಅಂತ ಡಾಕ್ಟರು ಯೋಚಿಸಬೇಕಾದರೆ, ಅವರ ದಿನ ಹೇಗೆ ಕಳೆಯುತ್ತದೆ ಅಂತ ಮೊದಲು ಡಾಕ್ಟರಿಗೆ ಗೊತ್ತಾಗಬೇಕು.